ಬೀಜದ ಕಾಗದದಲ್ಲಿ ಕ್ಷಮಾವಾಣಿ

ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮಾ ಧರ್ಮದಿಂದ ಆರಂಭವಾಗುವ ದಶಲಕ್ಷಣ ಪರ್ವವು ಅನಂತ ಚತುರ್ದಶಿಯಂದು ಉತ್ತಮ ಬ್ರಹ್ಮಚರ್ಯದಲ್ಲಿ ಪರಿಸಮಾಪ್ತಿಗೊಳ್ಳುತ್ತದೆ. ಹತ್ತು ದಿನಗಳ ಉಪವಾಸ, ಸ್ವಾಧ್ಯಾಯ, ಪೂಜೆಗಳ ಬಳಿಕ ಶ್ರಾವಕ ಶ್ರಾವಿಕೆಯರು ಮತ್ತೆ ಮೊದಲನೆಯ ಧರ್ಮಕ್ಕೇ ಮರಳಿ, ಪರಸ್ಪರ ಎದುರು ನಿಂತು ಕ್ಷಮೆ ಬೇಡುವ ದಿನವೇ ಕ್ಷಮಾವಾಣಿ. ಶ್ವೇತಾಂಬರ ಸಂಪ್ರದಾಯದ ಸಂವತ್ಸರಿಯಂದು ನಡೆಯುವ ಕ್ಷಮಾಪನೆಯ ಆಶಯವೂ ಇದೇ ಆಗಿದೆ. ದೂರದ ಬಂಧುಗಳಿಗೆ ಈ ಬೇಡಿಕೆಯು ಕೈಬರಹದ ಪತ್ರದ ಮೂಲಕ ತಲುಪುತ್ತಿತ್ತು. ಕಾಲಕ್ರಮದಲ್ಲಿ ಆ ಪತ್ರದ ಸ್ಥಾನಕ್ಕೆ ಅಚ್ಚಾದ ಕ್ಷಮಾಪನಾ ಪತ್ರಿಕೆ ಬಂದಿತು. ಅದರ ಸ್ಥಾನವನ್ನು ಇಂದು ಬಹುಮಟ್ಟಿಗೆ ಮೊಬೈಲ್ ಸಂದೇಶ ಆಕ್ರಮಿಸಿದೆ.

ಇದೇ ಕಾಲದಲ್ಲಿ ಶುಭಾಶಯ ಪತ್ರವು ಇನ್ನೊಂದು ರೂಪದಲ್ಲಿ ಹಿಂತಿರುಗಿದೆ. ತನ್ನೊಡಲಲ್ಲಿ ಬೀಜಗಳನ್ನು ಹುದುಗಿಸಿಕೊಂಡ ಕಾಗದದ ಮೇಲೆ ಶುಭಾಶಯವನ್ನು ಮುದ್ರಿಸಿ, ಓದಿದ ಬಳಿಕ ಮಣ್ಣಿನಲ್ಲಿಟ್ಟು ನೀರೆರೆದರೆ ಗಿಡವಾಗುವುದೆಂಬ ಸೂಚನೆಯೊಡನೆ ಕಳುಹಿಸುವ ಪದ್ಧತಿ ಅದು. ವಿವಾಹದ ಆಮಂತ್ರಣ, ಹೊಸ ವರ್ಷದ ಶುಭಾಶಯ, ರಾಖಿ ಮುಂತಾದವುಗಳಿಗೆ ಬಳಕೆಯಾಗುತ್ತಿರುವ ಈ ಕಾಗದವು ಕ್ಷಮಾವಾಣಿಗೂ ಯೋಗ್ಯವೆಂದು ಯಾರಿಗಾದರೂ ತೋರುವುದು ಸಹಜ. ಮರ ಕಡಿಯದ, ಕಸವಾಗದ, ಹಸಿರನ್ನು ಹುಟ್ಟಿಸುವ ಪತ್ರಕ್ಕಿಂತ ಅಹಿಂಸಾ ಧರ್ಮಕ್ಕೆ ಒಪ್ಪುವ ಪತ್ರ ಬೇರೆ ಯಾವುದಿದ್ದೀತು? ಈ ಪ್ರಶ್ನೆಗೆ ಮೇಲ್ನೋಟದ ಉತ್ತರ ಸುಲಭ. ಆದರೆ ಪತ್ರವನ್ನೂ ಅದು ಹೊತ್ತ ವಚನವನ್ನೂ ಒಟ್ಟಿಗೆ ಇಟ್ಟು ವಿಮರ್ಶಿಸಿದಾಗ ಉತ್ತರ ಅಷ್ಟು ಸುಲಭವಾಗಿ ಉಳಿಯುವುದಿಲ್ಲ.

ಮೊದಲು ಈ ವಸ್ತುವಿನ ಗುಣವನ್ನು ನ್ಯಾಯವಾಗಿ ಅರಿಯಬೇಕು. ಬಳಸಿ ಬಿಟ್ಟ ಕಾಗದವನ್ನೋ ಹತ್ತಿಬಟ್ಟೆಯ ಚೂರುಗಳನ್ನೋ ನೀರಿನಲ್ಲಿ ನೆನೆಯಿಸಿ, ಅರೆದು, ತಿಳಿಯಾದ ರೊಜ್ಜನ್ನಾಗಿ ಮಾಡುತ್ತಾರೆ. ಜಾಲರಿ ಕಟ್ಟಿದ ಚೌಕಟ್ಟಿನಿಂದ ಅದನ್ನು ಎತ್ತಿ, ನೀರು ಬಸಿದು, ಹಾಳೆಯನ್ನು ಒತ್ತಿ ಒಣಗಿಸುತ್ತಾರೆ. ಬೀಜಗಳನ್ನು ರೊಜ್ಜಿನಲ್ಲಿ ಬೆರೆಸುವುದುಂಟು, ಹಸಿ ಹಾಳೆಗಳ ನಡುವೆ ಹರಡುವುದೂ ಉಂಟು. ತುಳಸಿ, ಸಾಸಿವೆ, ಚೆಂಡುಹೂ, ಟೊಮ್ಯಾಟೊಗಳಂಥ ಸಣ್ಣ ಬೀಜಗಳೇ ಇದಕ್ಕೆ ಸಲ್ಲುತ್ತವೆ; ದಪ್ಪ ಬೀಜವನ್ನು ಹಾಳೆ ತಾಳಲಾರದು. ಕಾರ್ಖಾನೆಯ ಕಾಗದದಂತೆ ಬಿಸಿ ಉರುಳೆಗಳ ನಡುವೆ ಹಾಯಿಸಿದರೆ ಬೀಜ ಸಾಯುತ್ತದೆ. ನಿಧಾನವಾಗಿ ಒಣಗಿಸಿದರೆ ಹಾಳೆಯಲ್ಲಿಯೇ ಮೊಳೆಯುತ್ತದೆ. ಆದುದರಿಂದ ಇದು ಕೈಕಸುಬಿನ ಎಚ್ಚರವನ್ನು ಬೇಡುವ ಕೆಲಸ. ಬೆಂಗಳೂರಿನಲ್ಲಿ ರೋಶನ್ ರೇ ಅವರು ಆರಂಭಿಸಿದ ‘ಸೀಡ್ ಪೇಪರ್ ಇಂಡಿಯಾ’ವೂ ಮಂಗಳೂರು ಸಮೀಪದ ಪಕ್ಷಿಕೆರೆಯಲ್ಲಿ ನಿತಿನ್ ವಾಸ್ ಅವರು ನಡೆಸುತ್ತ ಬಂದ ‘ಪೇಪರ್ ಸೀಡ್’ ಸಂಸ್ಥೆಯೂ ಕರ್ನಾಟಕದಲ್ಲಿ ಈ ಕಸುಬಿಗೆ ಹೆಸರು ತಂದಿವೆ. ಪಕ್ಷಿಕೆರೆಯಿಂದ ಬೀಜ ಹುದುಗಿಸಿದ ಲೇಖನಿ, ರಾಖಿಗಳೂ ಹೊರಬಂದಿವೆ. 1934ರಲ್ಲಿ ವಾರ್ಧಾದಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಗಾಂಧೀಜಿ ಮತ್ತು ಜೆ. ಸಿ. ಕುಮಾರಪ್ಪನವರ ಆಸ್ಥೆಯಿಂದ ಕೈಕಾಗದಕ್ಕೆ ಮರುಜೀವ ಕೊಡಲು ಯತ್ನಿಸಿದುದನ್ನು ಬಲ್ಲವರು ಈ ಹೊಸ ಯತ್ನವನ್ನೂ ಆದರದಿಂದಲೇ ಕಾಣುವರು. ಕಸವನ್ನು ಕಾಗದವಾಗಿಸುವ ಕೈಗಳಲ್ಲಿ ದೋಷವಿಲ್ಲ. ವಿಮರ್ಶೆಗೆ ಒಳಪಡಬೇಕಾದುದು, ಆ ಕಾಗದದ ಮೇಲೆ ಕ್ಷಮಾಪನೆಯನ್ನು ಬರೆಯುವ ನಮ್ಮ ಸಮಾಜದ ವಿವೇಕ.

ಕೃಷಿಯನ್ನಾಗಲಿ ಬರವಣಿಗೆಯನ್ನಾಗಲಿ ಜೈನ ಪರಂಪರೆ ಹೊರಗಿಟ್ಟಿಲ್ಲ. ಆದಿನಾಥನು ಪ್ರಜೆಗಳಿಗೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬುದು ಪುರಾಣಪ್ರಸಿದ್ಧ. ಬೀಜದ ಕಾಗದದ ಪತ್ರದಲ್ಲಿ ಮಷಿಯೂ ಇದೆ, ಕೃಷಿಯೂ ಇದೆ. ಶಿಲ್ಪವೂ ವಾಣಿಜ್ಯವೂ ಸೇರಿವೆ. ಗೃಹಸ್ಥನು ಹೊಲವನ್ನು ಉಳುವಾಗ ಆಗುವ ಹಿಂಸೆಯನ್ನು ಆಚಾರ್ಯರು ಉದ್ಯೋಗಿ ಹಿಂಸೆಯೆಂದು ಗುರುತಿಸಿದರೇ ಹೊರತು ಸಂಕಲ್ಪಪೂರ್ವಕವಾದ ಹಿಂಸೆಯೊಡನೆ ಅದನ್ನು ಸಮಗಟ್ಟಲಿಲ್ಲ. ಬದುಕಿಗೆ ಅನಿವಾರ್ಯವಾದುದನ್ನು ಎಚ್ಚರದಿಂದ ಮಾಡಬೇಕೆಂಬುದು ಅವರ ವಿಧಿ. ಬಿತ್ತುವುದು ತಪ್ಪೆಂದು ಈ ಪತ್ರವನ್ನು ತಳ್ಳಿಹಾಕುವುದು ಶಾಸ್ತ್ರಸಮ್ಮತವಾಗದು. ಪ್ರಯೋಜನವಿದ್ದು ಬಿತ್ತುವುದೂ ಅಲಂಕಾರಕ್ಕಾಗಿ ಬೀಜವನ್ನು ಹಂಚುವುದೂ ಒಂದೇ ಆಗುವುವೆ ಎಂಬುದೇ ಇಲ್ಲಿನ ವಿಚಾರ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುತ್ತ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ನಿಷ್ಪ್ರಯೋಜನವಾಗಿ ನೆಲವನ್ನು ಅಗೆಯುವುದು, ನೀರನ್ನು ಕೆದಕುವುದು, ಬೆಂಕಿ ಹೊತ್ತಿಸುವುದು, ಸಸ್ಯಗಳನ್ನು ಕತ್ತರಿಸುವುದು ಆ ದೋಷದ ಲಕ್ಷಣಗಳು. ಪಾಪದ ಉದ್ದೇಶವಿಲ್ಲದಿದ್ದರೂ ಉಪೇಕ್ಷೆಯೊಂದರಿಂದಲೇ ಈ ದೋಷ ತಟ್ಟುತ್ತದೆ ಎಂಬುದನ್ನು ಮರೆಯಬಾರದು.

ಬೀಜದ ವಿಷಯದಲ್ಲಿ ಜೈನ ಶಾಸ್ತ್ರಕಾರರ ದೃಷ್ಟಿ ಎಷ್ಟು ಸೂಕ್ಷ್ಮವಾಗಿತ್ತೆಂಬುದಕ್ಕೆ ಶ್ವೇತಾಂಬರ ಆಗಮವಾದ ಭಗವತೀ ಸೂತ್ರದ ಒಂದು ಪ್ರಸಂಗ ಸಾಕ್ಷಿ. ಕಣಜದಲ್ಲಿ ಮುಚ್ಚಿ, ಮೆತ್ತಿ, ಮುದ್ರೆಯೊತ್ತಿ ಕಾಪಾಡಿದ ಧಾನ್ಯದಲ್ಲಿ ಹುಟ್ಟುವ ಶಕ್ತಿ ಎಷ್ಟು ಕಾಲ ಉಳಿಯುತ್ತದೆಂಬ ಪ್ರಶ್ನೆಯನ್ನು ಅಲ್ಲಿ ಕೇಳಲಾಗಿದೆ. ಬತ್ತ, ಗೋಧಿ, ಜವೆಗಳಂಥ ಧಾನ್ಯಗಳಿಗೆ ಹೆಚ್ಚೆಂದರೆ 3 ವರ್ಷ, ಬೇಳೆಕಾಳುಗಳಿಗೆ 5 ವರ್ಷ, ಅಗಸೆ, ಸಾಸಿವೆ ಮೊದಲಾದವುಗಳಿಗೆ 7 ವರ್ಷವೆಂದು ಉತ್ತರಿಸಲಾಗಿದೆ. ಯಾವುದು ಸಚಿತ್ತ, ಯಾವುದು ಅಚಿತ್ತ ಎಂಬುದನ್ನು ನಿರ್ಣಯಿಸದೆ ಆಹಾರವನ್ನಾಗಲಿ ನಡೆಯನ್ನಾಗಲಿ ನಿಯಮಿಸುವಂತಿರಲಿಲ್ಲ. ಆದುದರಿಂದಲೇ ಈ ಎಣಿಕೆ. ಒಣಗಿ ನಿಶ್ಚಲವಾಗಿ ಬಿದ್ದಿರುವ ಕಾಳನ್ನು ಕೂಡ ಈ ಪರಂಪರೆಯು ಕೇವಲ ಪದಾರ್ಥವೆಂದು ಬಗೆಯಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಪ್ರತಿಕ್ರಮಣದ ಈರ್ಯಾಪಥ ಪಾಠದಲ್ಲಿ, ನಡೆಯುವಾಗ ಅರಿಯದೆ ಆದ ಅಪರಾಧಗಳನ್ನು ಸಾಧಕನು ಒಂದೊಂದಾಗಿ ನೆನೆಯುತ್ತಾನೆ. ಆ ಪಟ್ಟಿಯಲ್ಲಿ ಪ್ರಾಣಿಗಳನ್ನು ತುಳಿದುದರ ಜೊತೆಗೆ ಬೀಜಗಳನ್ನು ತುಳಿದುದೂ ಹಸಿರನ್ನು ತುಳಿದುದೂ ಹೆಸರಿಸಲ್ಪಟ್ಟಿವೆ. ಕ್ಷಮಾಪನೆಯ ಭಾವನೆಯು ಮನುಷ್ಯರಿಗಷ್ಟೇ ಮೀಸಲಲ್ಲ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಸಮಸ್ತ ಜೀವರಾಶಿಯೂ ಅದರ ವಿಷಯ. ಎಂದ ಮೇಲೆ ಬೀಜವು ಸ್ವತಃ ಕ್ಷಮೆಯನ್ನು ಬೇಡಿಸಿಕೊಳ್ಳುವವರ ಸಾಲಿನಲ್ಲಿದೆ. ಬೀಜದ ಕಾಗದದ ಮೇಲೆ ಕ್ಷಮಾವಾಣಿಯನ್ನು ಅಚ್ಚು ಹಾಕಿದಾಗ, ಯಾರ ಮುಂದೆ ತಲೆಬಾಗಬೇಕೋ ಅವರನ್ನೇ ಪತ್ರದ ಹೊದಿಕೆಯಾಗಿ ಬಳಸಿದಂತಾಗುವುದಿಲ್ಲವೆ? ಮೊಳೆತು ಗಿಡವಾದರೆ ಆ ಬಳಕೆ ಸಾರ್ಥಕ. ಮೊಳೆಯದೆ ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಬಿದ್ದು ಶಕ್ತಿಗುಂದಿದರೆ, ಆ ಪತ್ರವು ತನ್ನ ಮೇಲಿನ ವಚನಕ್ಕೆ ತಾನೇ ಅಪವಾದವಾಗಿ ನಿಲ್ಲುತ್ತದೆ. ಒಮ್ಮೆ ನೀರುಂಡು ಮತ್ತೆ ಒಣಗಿದ ಬೀಜವು ಕಣಜದ ಕಾಳಿನಷ್ಟು ಬಾಳಿಕೆಯದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ತಾಡವೋಲೆಯ ಕಾಲದಲ್ಲಿ ಎಲೆಯನ್ನು ಬೇಯಿಸಿ, ಒಣಗಿಸಿ, ಹದಗೊಳಿಸಿದ ಬಳಿಕವಷ್ಟೇ ಅದರ ಮೇಲೆ ಕಂಠ ಓಡುತ್ತಿತ್ತು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಾಗ ಆ ದಾನದ ಜೀವವೆಲ್ಲ ಶಾಸ್ತ್ರದಲ್ಲಿತ್ತು. ಓಲೆಯು ನಿರ್ಜೀವ ಆಧಾರವಾಗಿತ್ತು.

ಕ್ಷಮಾಪನಾ ಪತ್ರವು ಸುಂದರವಾಗಿರಬಾರದೆಂಬ ಕಟ್ಟುಪಾಡೇನೂ ಪರಂಪರೆಯಲ್ಲಿಲ್ಲ. ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ಸಂಘಗಳು ಆಚಾರ್ಯರಿಗೆ ಕಳುಹಿಸುತ್ತಿದ್ದ ವಿಜ್ಞಪ್ತಿಪತ್ರಗಳು ಚಿತ್ರಗಳಿಂದ ತುಂಬಿದ ಉದ್ದನೆಯ ಸುರುಳಿಗಳು. ಮುಂದಿನ ಚಾತುರ್ಮಾಸಕ್ಕೆ ಆಹ್ವಾನವೂ ಪರ್ಯೂಷಣದ ಕ್ಷಮಾಯಾಚನೆಯೂ ಅವುಗಳಲ್ಲಿ ಸೇರಿರುತ್ತಿದ್ದವು. ಅವುಗಳಲ್ಲಿ ಸುಪ್ರಸಿದ್ಧವಾದುದು 1610ರಲ್ಲಿ ಆಗ್ರಾದ ಸಂಘವು ವಿಜಯಸೇನ ಸೂರಿಗಳಿಗೆ ಕಳುಹಿಸಿದ ಪತ್ರ. ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ ಜಹಾಂಗೀರನ ಫರ್ಮಾನಿನ ಪ್ರಸಂಗವನ್ನು ಶಾಲಿವಾಹನನೆಂಬ ಚಿತ್ರಕಾರನು ಅದರಲ್ಲಿ ಚಿತ್ರಿಸಿದ್ದಾನೆ. ಆ ಪತ್ರದ ಘನತೆ ಬಣ್ಣಗಳಲ್ಲಿ ಮಾತ್ರ ಇಲ್ಲ. ಸಂಘವು ಪ್ರಯತ್ನಿಸಿ ಸಾಧಿಸಿದ ಜೀವದಯೆಯ ಕಾರ್ಯವೊಂದು ನಡೆದುಹೋಗಿತ್ತು. ಪತ್ರವು ಅದರ ವಾರ್ತೆಯನ್ನು ಹೊತ್ತೊಯ್ಯಿತು. ಬೀಜದ ಪತ್ರವಾದರೋ ಇನ್ನೂ ನಡೆಯಬೇಕಾದ ಕಾರ್ಯವನ್ನು ಹೊತ್ತು ಬರುತ್ತದೆ. ಆ ಕಾರ್ಯವನ್ನು ಮಾಡಬೇಕಾದವನು ಪತ್ರ ಕಳುಹಿಸಿದವನಲ್ಲ, ಪಡೆದವನು. ಈ ವ್ಯತ್ಯಾಸದಲ್ಲಿಯೇ ವಿಮರ್ಶೆಯ ತಿರುಳು ಅಡಗಿದೆ.

ಪತ್ರವು ನಗರದಲ್ಲಿ ಹೊರಟು ಹಳ್ಳಿಗೆ ತಲುಪಿದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಇದಕ್ಕೆ ಹೂವಿನಹಡಗಲಿ ತಾಲ್ಲೂಕಿನ ಹೊಳಲನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ತುಂಗಭದ್ರೆಯ ಬಲದಂಡೆಯ ಈ ಸೀಮೆ ಬಹುಕಾಲ ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ. ಜೈನಧರ್ಮಕ್ಕೆ ಈ ನೆಲ ಹೊಸದಲ್ಲ. ಇದೇ ಸೀಮೆಯ ಕೋಗಳಿಯ 1055ರ ಶಾಸನವು ಅಲ್ಲಿನ ಬಸದಿಯನ್ನು ಗಂಗರ ದುರ್ವಿನೀತನು ಕಟ್ಟಿಸಿದನೆಂದು ಹೇಳುತ್ತದೆ. ಎರೆಯೂ ಮಸಾರಿಯೂ ಇರುವ, ಮಳೆಯನ್ನೇ ನೆಚ್ಚಿದ ಹೊಲಗಳ ನಾಡಿದು. ಕ್ಷಮಾವಾಣಿ ಬರುವ ಭಾದ್ರಪದದಲ್ಲಿ ಇಲ್ಲಿನ ರೈತನ ಕಣ್ಣು ಉತ್ತರೆ, ಹಸ್ತ ಮಳೆಗಳ ಮೇಲಿರುತ್ತದೆ. ಎರೆ ಹೊಲದಲ್ಲಿ ಹಿಂಗಾರಿ ಜೋಳದ ಬಿತ್ತನೆಗೆ ಹದ ನೋಡುವ ಕಾಲವದು.

ಇಂಥ ಊರಿನಲ್ಲಿ ಹೊಲವನ್ನು ಹಂಚಿಕೊಂಡ ಅಣ್ಣತಮ್ಮಂದಿರಿಬ್ಬರಿದ್ದಾರೆಂದು ಕಲ್ಪಿಸಿಕೊಳ್ಳಬಹುದು. ಅಣ್ಣ ಹೊಳಲಿನಲ್ಲಿಯೇ ಬೇಸಾಯಕ್ಕೆ ನಿಂತವನು, ತಮ್ಮ ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ಪಾಲಾದ ವರ್ಷ ತಮ್ಮನ ಮಾತಿನಂತೆ ನಡುವಣ ಬದು ಎರಡು ಮಾರು ಸರಿಯಿತು. ಅಂದಿನಿಂದ ಎರಡು ಮನೆಗಳ ನಡುವೆ ಮಾತು ನಿಂತಿತು. ವರ್ಷಗಳು ಕಳೆದ ಮೇಲೆ ತಮ್ಮನಿಗೆ ಪಶ್ಚಾತ್ತಾಪ ಮೂಡುತ್ತದೆ. ಕ್ಷಮಾವಾಣಿಯಂದು ಅಣ್ಣನಿಗೆ ಬೀಜದ ಕಾಗದದ ಪತ್ರ ಬರುತ್ತದೆ. ಮನಸಾ ವಾಚಾ ಕಾಯೇನ ಆದ ತಪ್ಪುಗಳನ್ನು ಕ್ಷಮಿಸಬೇಕೆಂದು ಅಂದವಾದ ಅಕ್ಷರಗಳಲ್ಲಿ ಅಚ್ಚಾಗಿದೆ. ಅಡಿಯಲ್ಲಿ, ಪತ್ರವನ್ನು ಹರಿದು ಒಂದು ರಾತ್ರಿ ನೆನೆಯಿಸಿ, ತೆಳುವಾಗಿ ಮಣ್ಣು ಮುಚ್ಚಿ, ಮೊಳಕೆ ಕಾಣುವವರೆಗೆ ತಪ್ಪದೆ ನೀರು ಚಿಮುಕಿಸಬೇಕೆಂಬ ಸೂಚನೆ ಇದೆ. ಅಣ್ಣನು ಪತ್ರವನ್ನು ಓದಿ ಮನೆಯವರಿಗೆ ಹೇಳುವ ಮಾತು ಒಂದೇ: “ಕಾಗದ ಕಳಿಸ್ಯಾನ, ತಾನು ಬರಲಿಲ್ಲ.”

ಈ ಮಾತು ಒರಟಾಗಿ ತೋರಬಹುದು, ಆದರೆ ಅದರಲ್ಲಿ ಧರ್ಮದ ವಿವೇಚನೆಯಿದೆ. ಸಾಮಾನ್ಯ ಪತ್ರವು ಓದುಗನಿಂದ ಓದನ್ನಷ್ಟೇ ಬೇಡುತ್ತದೆ. ಬೀಜದ ಪತ್ರವು ಮಣ್ಣನ್ನು, ನೀರನ್ನು, ಹಲವು ದಿನಗಳ ಆರೈಕೆಯನ್ನು ಬೇಡುತ್ತದೆ. ತಪ್ಪು ಮಾಡಿದವನು ಬೆಲೆ ತೆತ್ತು ಪತ್ರ ಕೊಂಡಲ್ಲಿಗೆ ಅವನ ಕೆಲಸ ಮುಗಿಯಿತು. ತಪ್ಪಿಗೆ ಗುರಿಯಾದವನಿಗೆ ಅಲ್ಲಿಂದ ಕೆಲಸ ಆರಂಭವಾಯಿತು. ಆತನು ಬಿತ್ತದಿದ್ದರೆ ಜೀವವೊಂದನ್ನು ಉಪೇಕ್ಷಿಸಿದ ಭಾರವೂ ಅವನ ಪಾಲಿಗೇ ಬರುತ್ತದೆ. ಕ್ಷಮೆ ಬೇಡಲು ಬಂದ ಪತ್ರವು ಕ್ಷಮಿಸಬೇಕಾದವನನ್ನೇ ಹೊಸ ಅಪರಾಧದ ಅಂಚಿಗೆ ತಂದು ನಿಲ್ಲಿಸುವುದು ವಿಪರ್ಯಾಸವಲ್ಲದೆ ಮತ್ತೇನು? ಕಾರ್ಯವನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡುವವರನ್ನು ಅನುಮೋದಿಸುವುದು ಎಂಬ ಕೃತ, ಕಾರಿತ, ಅನುಮೋದನೆಗಳ ವಿಂಗಡಣೆಯನ್ನು ಬಲ್ಲ ಸಮಾಜಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಪತ್ರದ ಬೀಜವು ಒಣಗಿದರೆ, ಅದು ಬಿತ್ತದವನ ಪ್ರಮಾದವಷ್ಟೇ ಅಲ್ಲ. ಬಿತ್ತುವ ಅನುಕೂಲವನ್ನು ವಿಚಾರಿಸದೆ ಕಳುಹಿಸಿದವನ ಕಾರಿತವೂ ಹೌದು.

ಬೀಜವು ಆ ನೆಲಕ್ಕೆ ಒಪ್ಪುವುದೇ ಎಂಬ ಪ್ರಶ್ನೆಯೂ ಉಪೇಕ್ಷಣೀಯವಲ್ಲ. ಎರೆ ಹೊಲದಲ್ಲಿ ಜೋಳದ ಕಾಳು ಕೂರಿಗೆಯ ಮೂಲಕ ಆಳದ ತೇವಕ್ಕೆ ಇಳಿಯುತ್ತದೆ. ಮೇಲುಮಣ್ಣು ಒಣಗಿ ಬಿರುಕಿಟ್ಟರೂ ಅಡಿಯ ಹಸಿ ಅದನ್ನು ಕಾಯುತ್ತದೆ. ಪತ್ರದ ತುಳಸಿಯ ಬೀಜವು ಮೇಲ್ಪದರದಲ್ಲಿಯೇ ಇರಬೇಕು. ಎರಡು ದಿನ ನೀರು ತಪ್ಪಿದರೆ ಮೊಳಕೆ ಸೊರಗುತ್ತದೆ. ಮನೆಯ ಕುಂಡದಲ್ಲಿ ಇದು ಸಾಧ್ಯ, ಬೇಸಾಯದ ಭರದಲ್ಲಿರುವ ಮನೆಯಲ್ಲಿ ಕಷ್ಟ. ಹೆಸರಿಲ್ಲದ ಹೂಬೀಜಗಳ ಮಿಶ್ರಣವನ್ನು ಹುದುಗಿಸಿದ ಕಾಗದವಾದರೆ ಇನ್ನೊಂದು ಎಚ್ಚರವೂ ಬೇಕು. ಅಂದಕ್ಕೆಂದು ಹೊರಗಿನಿಂದ ತಂದ ಲಂಟಾನ ಇಂದು ಕರ್ನಾಟಕದ ಕಾಡುಗಳನ್ನು ಹೇಗೆ ಮುಸುಕಿದೆಯೆಂಬುದು ಸರ್ವವಿದಿತ. 1950ರ ದಶಕದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟ ಪಾರ್ಥೇನಿಯಂ ಎಂಬ ಕಾಂಗ್ರೆಸ್ ಕಳೆಯು ಬಯಲುಸೀಮೆಯ ಬದುಗಳನ್ನೆಲ್ಲ ಆವರಿಸಿದೆ. ಪತ್ರದ ಬೀಜಗಳೆಲ್ಲ ಹಾಗಾಗುತ್ತವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಯಾವ ಬೀಜವೆಂದು ತಿಳಿಯದೆ ಇನ್ನೊಬ್ಬರ ನೆಲಕ್ಕೆ ಕಳುಹಿಸುವುದು ಆದಾನ ನಿಕ್ಷೇಪಣ ಸಮಿತಿಯ ಆಶಯಕ್ಕೆ ಸಲ್ಲದು. ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ, ತಡವಿ, ಎಚ್ಚರದಿಂದ ನಡೆದುಕೊಳ್ಳಬೇಕೆಂಬ ಆ ನಿಯಮ ಮುನಿಗಳದಾದರೂ ಅದರ ನೆರಳು ಗೃಹಸ್ಥನ ಮೇಲೂ ಬೀಳಬೇಕು.

ಈ ಆಕ್ಷೇಪಗಳಿಗೆ ಸಮಾಧಾನವೂ ಇಲ್ಲದಿಲ್ಲ. ನೂರಾರು ಜನರಿಗೆ ಒಂದೇ ಕ್ಷಣದಲ್ಲಿ ರವಾನೆಯಾಗಿ ಮರುಕ್ಷಣವೇ ಅಳಿಸಿಹೋಗುವ ಮೊಬೈಲ್ ಸಂದೇಶಕ್ಕಿಂತ, ಕೈಯಲ್ಲಿ ಹಿಡಿಯಬಹುದಾದ ಈ ಪತ್ರದಲ್ಲಿ ಹೆಚ್ಚಿನ ಶ್ರದ್ಧೆಯಿದೆಯೆಂದು ವಾದಿಸಬಹುದು. ಕ್ಷಮೆಯು ಕ್ಷಣದ ಮಾತಲ್ಲ, ದಿನದಿನವೂ ನೀರೆರೆದು ಬೆಳೆಸಬೇಕಾದ ಗುಣವೆಂಬ ಪಾಠವನ್ನು ಬೀಜದ ಪತ್ರವು ಕಲಿಸುತ್ತದೆಂದೂ ಹೇಳಬಹುದು. ಮಕ್ಕಳಿರುವ ಮನೆಯಲ್ಲಿ ಅದು ಜೀವದಯೆಯ ಮೊದಲ ಪಾಠವಾಗಬಹುದೆಂಬ ಮಾತೂ ಒಪ್ಪತಕ್ಕದ್ದೇ. ವಿವಾಹದ ಆಮಂತ್ರಣ, ನೂತನ ಗೃಹಪ್ರವೇಶ, ಶಾಲೆಯ ಉತ್ಸವಗಳಲ್ಲಿ ಈ ಗುಣಗಳಿಗೆ ಸ್ಥಾನವಿದೆ. ಅಲ್ಲಿ ಕಳುಹಿಸುವವನಿಗೂ ಪಡೆಯುವವನಿಗೂ ನಡುವೆ ಸಲ್ಲಬೇಕಾದ ಋಣವಿಲ್ಲ. ಸಂತೋಷವನ್ನು ಹಂಚಿಕೊಳ್ಳುವಾಗ ಕೆಲಸವನ್ನೂ ಹಂಚಿಕೊಳ್ಳಬಹುದು. ಕ್ಷಮಾವಾಣಿಯಲ್ಲಿ ಋಣವಿದೆ. ಆದುದರಿಂದಲೇ ಅಲ್ಲಿ ಆರೈಕೆಯ ಹೊಣೆ ಸಂಪೂರ್ಣವಾಗಿ ಬೇಡುವವನದು.

ಹೊಣೆಯನ್ನು ಅದರ ಸ್ವಸ್ಥಾನಕ್ಕೆ ಮರಳಿಸಿದರೆ ಬೀಜದ ಕಾಗದಕ್ಕೂ ಕ್ಷಮಾವಾಣಿಯಲ್ಲಿ ಎಡೆ ದೊರೆಯುವುದು ಅಸಾಧ್ಯವಲ್ಲ. ತಮ್ಮನು ಆ ಕಾಗದದ ಮೇಲೆ ತನ್ನ ತಪ್ಪನ್ನು ತನ್ನ ಕೈಯಿಂದಲೇ ಬರೆಯಲಿ: ಯಾವ ವರ್ಷ, ಯಾವ ಬದು, ಎಷ್ಟು ನೆಲ. ಅಚ್ಚಾದ ಸಾಮಾನ್ಯ ವಚನವು ಎಲ್ಲ ತಪ್ಪುಗಳನ್ನೂ ಒಳಗೊಳ್ಳುತ್ತದೆ. ಆದುದರಿಂದಲೇ ಯಾವ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿಲ್ಲ. ಹಾಗೆ ಬರೆದ ಹಾಳೆಯನ್ನು ಅಣ್ಣನಿಗೆ ಕಳುಹಿಸದೆ ತನ್ನ ಮನೆಯ ಕುಂಡದಲ್ಲಿಯೇ ಬಿತ್ತಿ, ದಿನವೂ ನೀರೆರೆದು, ಗಿಡವನ್ನು ಕಾಪಾಡಲಿ. ಆಗ ಬೀಜಕ್ಕೂ ಮೋಸವಿಲ್ಲ, ಅಣ್ಣನಿಗೂ ಭಾರವಿಲ್ಲ. ಅಣ್ಣನ ಬಳಿಗೆ ಹೋಗಬೇಕಾದುದು ಹಾಳೆಯಲ್ಲ, ತಮ್ಮ.

ಹೊಳಲಿನ ನೆಲವೇ ಇದಕ್ಕೊಂದು ಮಾದರಿಯನ್ನು ಒದಗಿಸುತ್ತದೆ. ಹೂವಿನಹಡಗಲಿ ಎಂಬ ಹೆಸರಿಗೆ ತಕ್ಕಂತೆ ಆ ತಾಲ್ಲೂಕಿನ ಮಲ್ಲಿಗೆ ನಾಡೆಲ್ಲ ಹೆಸರಾಗಿದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆದರೆ ಆ ಮಲ್ಲಿಗೆಯನ್ನು ಯಾವ ಕಾಗದದಲ್ಲಿಯೂ ಹುದುಗಿಸಿ ಅಂಚೆಗೆ ಹಾಕಲಾಗದು. ಮಲ್ಲಿಗೆಯನ್ನು ಬೀಜದಿಂದ ಬೆಳೆಸುವ ವಾಡಿಕೆಯಿಲ್ಲ. ಬೆಳೆದ ಗಿಡದ ಕಡ್ಡಿಯನ್ನು ನೆಟ್ಟೋ ಬಳ್ಳಿಯನ್ನು ಮಣ್ಣಿಗೆ ಬಾಗಿಸಿ ಬೇರೂರಿಸಿಯೋ ಸಸಿ ಮಾಡಿಕೊಳ್ಳಬೇಕು. ಮಲ್ಲಿಗೆ ಬೇಕಾದವನು ಮಲ್ಲಿಗೆಯುಳ್ಳವರ ಹಿತ್ತಲಿಗೆ ತಾನೇ ಹೋಗಿ, ನಿಂತು, ಬಾಯಿಬಿಟ್ಟು ಕೇಳಬೇಕು. ಗಿಡದಿಂದ ಕಡ್ಡಿ ತೆಗೆಯುವುದರಲ್ಲಿಯೂ ಅಲ್ಪ ಹಿಂಸೆಯಿದೆ. ಆದರೆ ಅದು ಕೇಳಿ ಪಡೆದುದು, ಕಣ್ಣೆದುರು ನಡೆದುದು, ಪಡೆದವನೇ ನೆಟ್ಟು ಪೋಷಿಸುವುದು.

ಕ್ಷಮೆಯ ರೀತಿಯೂ ಇದೇ. ಬೇಡುವವನು ಬಾಗಿಲಿಗೆ ಹೋಗಬೇಕು. ತಪ್ಪಿನ ಹೆಸರನ್ನು ಹೇಳಬೇಕು. ಸರಿಸಿದ ಬದುವನ್ನು ಮೊದಲಿನ ಕಲ್ಲಿನ ಬಳಿಗೆ ಮರಳಿಸಬೇಕು. ಕೊಡುವುದೂ ಬಿಡುವುದೂ ಎದುರಿನವನ ಧರ್ಮ. ಇಷ್ಟು ನಡೆದ ಮನೆಗೆ ಯಾವ ಕಾಗದದ ಪತ್ರ ಬಂದರೂ ಶೋಭಿಸುತ್ತದೆ, ಪತ್ರವೇ ಬಾರದಿದ್ದರೂ ಕೊರತೆಯಾಗದು. ಮುಂದಿನ ಭಾದ್ರಪದದಲ್ಲಿ ಬೀಜದ ಕಾಗದವನ್ನು ಕೊಳ್ಳಹೊರಡುವ ಶ್ರಾವಕನು, ಅದನ್ನು ಬಿತ್ತುವ ಕೈ ಯಾರದೆಂಬ ಪ್ರಶ್ನೆಯನ್ನು ಮೊದಲು ತನಗೆ ತಾನೇ ಕೇಳಿಕೊಳ್ಳಲಿ.